ಒಪಾರೆಗಾಗಿ ಅತ್ತ ಹನ್ನೊಂದು ವರ್ಷ

ಹೆಂಗಸಿನ ಹಾಗೆ ನಡೆಯುವುದು ಹೇಗೆಂದು ನನಗೆ ಕಲಿಸಿಕೊಟ್ಟವನು ಒಬ್ಬ ಗಂಡಸು. ಹೆಸರು ಆಂಟೊಬಮ್. ನಾಲ್ಕು ಮಕ್ಕಳ ತಂದೆ. ದಿನಕ್ಕೆರಡು ಸಲ ಗಡ್ಡ ಹೆರೆಯದಿದ್ದರೆ ಪೌಡರು ನಿಲ್ಲದಂಥ ಮುಖ. ರವಿಕೆಯೊಳಗೆ ಹಳೇ ಕಾಲುಚೀಲದ ಎರಡು ಉಂಡೆ ತುರುಕಿಕೊಂಡು, ತುಟಿಗೆ ಕೆಂಪು ಬಳಿದುಕೊಂಡು, ಹತ್ತು ವರ್ಷ ನಮ್ಮ ನಾಟಕ ಕಂಪನಿಯ ನಾಯಕಿಯಾಗಿ ಮೆರೆದ ಮಹಾನುಭಾವ.

"ಏನೇ ಇದು, ಬ್ರೆಡ್ ಮಾರೋಳ ಹಂಗೆ ನಡೀತೀಯಲ್ಲ," ಅಂದ ಮೊದಲ ದಿನ.

"ನಾನು ಬ್ರೆಡ್ ಮಾರೋಳೇ," ಅಂದೆ. ನ್ಸವಾಮ್ ಲಾರಿ ನಿಲ್ದಾಣದಲ್ಲಿ ಆರು ವರ್ಷ ತಲೆ ಮೇಲೆ ಬ್ರೆಡ್ಡಿನ ತಟ್ಟೆ ಹೊತ್ತಿದ್ದೆ.

"ಅದೇ ತಪ್ಪು. ಬ್ರೆಡ್ ಮಾರೋಳು ಬ್ರೆಡ್ ಹೊತ್ಕೊಂಡು ನಡೀತಾಳೆ. ಹೆಂಗಸಾದೋಳು ತನ್ನನ್ನೇ ಹೊತ್ಕೊಂಡು ನಡೀಬೇಕು."

ಹೀಗೆ ಹೇಳಿ ಅಂಗಳದ ಈ ತುದಿಯಿಂದ ಆ ತುದಿಗೆ ತನ್ನನ್ನು ತಾನು ಹೊತ್ತುಕೊಂಡು ಹೋಗಿ ತೋರಿಸಿದ. ಅಷ್ಟು ಸೊಂಟ ತಿರುಗಿಸಿ ನಡೆಯುವ ಒಬ್ಬ ಹೆಂಗಸನ್ನೂ ನಾನು ಅದುವರೆಗೆ ನೋಡಿರಲಿಲ್ಲ. ಅಂಥವಳೇನಾದರೂ ಇದ್ದಿದ್ದರೆ ಸಂಜೆಯೊಳಗೆ ನಡ ಹಿಡಿದುಕೊಂಡು ಮಲಗಿರುತ್ತಿದ್ದಳು. ಆದರೆ ಜನ ನೋಡಲು ಬರುತ್ತಿದ್ದದ್ದು ಅದನ್ನೇ. ಒಬ್ಬ ಕೋಕೋ ತೋಟದ ಯಜಮಾನ ಅವನಿಗೆ ಮದುವೆಯ ಮಾತು ಹೇಳಿ ಕಳಿಸಿ, ಜೊತೆಗೊಂದು ಹುಂಜವನ್ನೂ ಕಳಿಸಿದ್ದ. ಆಂಟೊಬಮ್ ಮದುವೆಗೆ ಒಪ್ಪಲಿಲ್ಲ, ಹುಂಜವನ್ನು ಮಾತ್ರ ನಮ್ಮೆಲ್ಲರ ಎದುರಿಗೇ ಕೂತು ತಿಂದ.

ದೇಶ ಸ್ವತಂತ್ರವಾಗಿ ಆಗ ಹತ್ತು ವರ್ಷವಾಗಿತ್ತು. ನಮ್ಮ ಕಂಪನಿಯಲ್ಲಿ ಹೆಂಗಸಿಗೆ ಹೆಂಗಸಿನ ಪಾತ್ರ ಮಾಡುವ ಸ್ವಾತಂತ್ರ್ಯ ಮಾತ್ರ ಇನ್ನೂ ಬಂದಿರಲಿಲ್ಲ. ಕಂಪನಿಯ ಯಜಮಾನ ಒಪಾರೆ. ನಾವೆಲ್ಲ ಬಾಸ್ ಅನ್ನುತ್ತಿದ್ದೆವು. ಗಿಟಾರಿನವರು ನಾಲ್ಕು ಮಂದಿ, ಆಡುವವರು ಐದು ಮಂದಿ, ಎಲ್ಲರನ್ನೂ ಹೊತ್ತು ಊರೂರು ಅಲೆಯುವ ಒಂದು ಲಾರಿ. ಅದರ ಹಣೆಯ ಮೇಲೆ 'ದೇವರ ಸಮಯವೇ ಸರಿಯಾದ ಸಮಯ' ಎಂದು ಬರೆದಿತ್ತು, ಆದ್ದರಿಂದ ನಾವು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವರಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಾರಲ್ಲ, ಹಾಗೆ ಬಾಸ್‌ಗೆ ಮೂರು ಸೂಟುಗಳಿದ್ದವು, ನಮಗೆ ಒಂದು ಹೊತ್ತಿಗೆ ಜೋಳದ ಹಿಟ್ಟಿನ ಕೆಂಕಿ ಮುದ್ದೆ ಇತ್ತು.

"ಬಾಸ್, ಹೆಂಗಸಿನ ಪಾತ್ರ ನನಗೆ ಯಾಕೆ ಕೊಡಲ್ಲ?" ಎಂದು ಒಮ್ಮೆ ಕೇಳಿಯೇ ಬಿಟ್ಟೆ.

"ನೀರು ಹೆಂಗಿರುತ್ತೆ ಅಂತ ಮೀನಿಗೆ ಗೊತ್ತಿರುತ್ತಾ? ಹಂಗೇ ಇದು. ಹೆಂಗಸು ಅಂದ್ರೆ ಏನು ಅಂತ ಹೆಂಗಸಿಗೆ ಗೊತ್ತಿರಲ್ಲ. ದೂರ ನಿಂತ್ಕೊಂಡು ನೋಡ್ತಾನಲ್ಲ ಗಂಡಸು, ಅವನಿಗೇ ಗೊತ್ತು," ಅಂದ. ಅವನು ದೂರ ನಿಂತು ನೋಡುತ್ತಿದ್ದದ್ದು ಎಷ್ಟು ನಿಜವೆಂಬುದು ಊರೂರಿನಲ್ಲಿದ್ದ ಅವನ ಗೆಳತಿಯರಿಗೆ ಗೊತ್ತು.

ಹಾಗಾದರೆ ನನ್ನನ್ನು ಸೇರಿಸಿಕೊಂಡದ್ದೇಕೆ? ಬೇರೊಂದು ಕಂಪನಿಯವರು ತಮ್ಮಲ್ಲಿ ನಿಜವಾದ ಹೆಂಗಸಿದ್ದಾಳೆಂದು ಗೋಡೆಗೆಲ್ಲ ಅಂಟಿಸಿಕೊಂಡು ಹೋಗುತ್ತಿದ್ದರು. ನಮ್ಮಲ್ಲೂ ಒಬ್ಬಳಿರಲಿ ಎಂದು ಬಾಸ್ ನನ್ನನ್ನು ಇಟ್ಟುಕೊಂಡ, ಗೋಡೆಗೆ ಮಾತ್ರ ಹಚ್ಚಲಿಲ್ಲ. ಆಮೇಲೆ ನನ್ನಿಂದ ಆಂಟೊಬಮ್‌ನ ರವಿಕೆಗಳನ್ನು ಒಗೆಸಿದ, ಎಲ್ಲರಿಗೂ ಅಡುಗೆ ಮಾಡಿಸಿದ, ಕೊನೆಗೆ ಒಂದು ಪಾತ್ರವನ್ನೂ ಕೊಟ್ಟ. ಹೆಣದ ಪಾತ್ರ.

ನಮ್ಮ ಹೆಸರುವಾಸಿ ನಾಟಕ 'ಮಾನ್ಸಾಳ ಕಣ್ಣೀರು'. ಮಾನ್ಸಾ ಎಂಬ ಹುಡುಗಿ ಗುಮಾಸ್ತನೊಬ್ಬನ ಹಿಂದೆ ಅಕ್ರಾಗೆ ಓಡಿಹೋಗಿ, ಹಳ್ಳಿಯಲ್ಲಿರುವ ತಾಯಿಯನ್ನು ಮರೆಯುತ್ತಾಳೆ. ತಾಯಿ ಸಾಯುತ್ತಾಳೆ. ಮಗಳು ಓಡಿಬಂದು ಹೆಣದ ಮುಂದೆ ಅಳುತ್ತಾಳೆ. ಮಾನ್ಸಾ ಎಂದರೆ ಆಂಟೊಬಮ್, ಹೆಣ ಎಂದರೆ ನಾನು. ಬೆಂಚಿನ ಮೇಲೆ ಬಿಳಿ ಬಟ್ಟೆ ಹೊದ್ದು ಇಪ್ಪತ್ತು ನಿಮಿಷ ಉಸಿರು ಬಿಗಿಹಿಡಿದು ಮಲಗಬೇಕು. ಅವನು ನನ್ನ ಮೇಲೆ ಬಿದ್ದು 'ಅಮ್ಮಾ, ಅಮ್ಮಾ' ಎಂದು ಗಿಟಾರಿನ ತಾಳಕ್ಕೆ ಸರಿಯಾಗಿ, ನೀರು ಕುದಿಯುವ ಕೆಟಲಿನ ಶಿಳ್ಳೆಯಂಥ ದನಿಯಲ್ಲಿ ಅಳುತ್ತಿದ್ದ. ಅವನ ಕಣ್ಣೀರು ಈರುಳ್ಳಿಯದು, ವಾಸನೆ ನನಗೆ ಬಡಿಯುತ್ತಿತ್ತು. ನಮ್ಮ ಕಡೆಯ ಜನಕ್ಕೆ ವೇದಿಕೆಯ ಮೇಲಿನವರ ಸಂಕಟ ಮನಸ್ಸಿಗೆ ತಟ್ಟಿದರೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಎದ್ದು ಬಂದು ಬೆವತ ಹಣೆಗೆ ದುಡ್ಡು ಅಂಟಿಸಿ ಹೋಗುತ್ತಾರೆ, ಹಸಿದವರ ಪಾತ್ರವಾದರೆ ಬಾಳೆಕಾಯಿ ಸುಟ್ಟು ತಂದು ತಿನ್ನಿಸುತ್ತಾರೆ. ಆಂಟೊಬಮ್ ಚೆನ್ನಾಗಿ ಬೆವರುತ್ತಿದ್ದ. ಹೆಣದ ಹಣೆಗೆ ಯಾರೂ ಏನೂ ಅಂಟಿಸುವುದಿಲ್ಲ.

ಹೀಗೆ ಎರಡು ವರ್ಷ ಸತ್ತೆ. ಮೂರನೆಯ ವರ್ಷ ನನ್ನ ತಾಯಿ ನಿಜವಾಗಿ ಸತ್ತಳು.

ನಾವು ಆಗ ದೂರದ ಗಣಿ ಊರುಗಳಲ್ಲಿ ಸುತ್ತುತ್ತಿದ್ದೆವು. ಸುದ್ದಿ ಒಬ್ಬ ಲಾರಿ ಚಾಲಕನ ಬಾಯಿಂದ ಇನ್ನೊಬ್ಬನ ಬಾಯಿಗೆ ದಾಟುತ್ತಾ ನನ್ನನ್ನು ಮುಟ್ಟಿ, ನಾನು ನಮ್ಮೂರು ಮಾಂಪಾಂಗ್ ಸೇರುವ ಹೊತ್ತಿಗೆ ಎಂಟನೆಯ ದಿನ. ಮಣ್ಣು ಮಾಡಿ ಆಗಿತ್ತು, ಹೆಂಗಸರು ಹಾಡಿ ಮುಗಿಸಿದ್ದರು. ಆದರೂ ಎಂಟನೆಯ ದಿನ ಮತ್ತೆ ಕೂರುತ್ತಾರೆ, ಮಗಳಾದವಳು ಒಂದು ಹಾಡಾದರೂ ಹಾಡಬೇಕು. ಸತ್ತವರನ್ನು ಅವರ ಅಜ್ಜ ಅಜ್ಜಿಯರ ಹೆಸರು ಹಿಡಿದು ಕರೆಯುವ ಹಾಡುಗಳು ಅವು. ನಮ್ಮಜ್ಜಿ ಫೊಸುವಾ ಮೊಣಕಾಲ ಬಳಿ ಕೂರಿಸಿಕೊಂಡು ನನಗೆ ಕಲಿಸಿದ್ದಳು. ಒಳಗೆ ಹೋಗಲು ಕಾಲಿಟ್ಟೆ. ನನ್ನ ಸೋದರಮಾವ ಕೊರಾಂಗ್ ಬಾಗಿಲಿಗೆ ಅಡ್ಡ ನಿಂತ.

"ಅಳೋದು ನಿನಗೆ ಕಸುಬು ಕಣಮ್ಮ. ನನ್ನ ತಂಗಿ ಮುಂದೆ ಕಸುಬು ಬೇಡ," ಅಂದ.

ನಾನು ಆವರೆಗೆ ಒಂದು ದಿನವೂ ಅಳುವ ಪಾತ್ರ ಮಾಡಿದವಳಲ್ಲ. ಅದನ್ನು ಹೇಗೆ ಹೇಳಲಿ? 'ಮಾವಾ, ನಾನು ಬರೀ ಹೆಣ' ಎನ್ನಲೇ? ಸಾವಿನ ಮನೆಗೆ ಉಡುವ ಕೆಂಪು ಬಟ್ಟೆ ಉಟ್ಟು ಬೀದಿಯಲ್ಲಿ ಸಂಜೆಯವರೆಗೆ ಕೂತಿದ್ದು ವಾಪಸು ಬಂದೆ. ಮಾರನೆಯ ದಿನವೇ ಬೆಂಚಿನ ಮೇಲೆ ಸತ್ತ ತಾಯಿಯಾಗಿ ಮಲಗಿದೆ. ಮೇಲೆ ಬಿದ್ದು ಆಂಟೊಬಮ್ ಶಿಳ್ಳೆ ಹೊಡೆದ. ಅವನ ಮೇಲೆ ನನಗೆ ಅಂದಿನಷ್ಟು ಹೇಸಿಗೆ ಎಂದೂ ಬಂದಿಲ್ಲ.

ಅದಾಗಿ ಮೂರು ತಿಂಗಳಿಗೆ ಅಸುವಾಸೋ ಎಂಬ ಊರಿಗೆ ಬಂದೆವು. ಕೋಕೋ ಮಾರಿ ಜನರ ಕೈಯಲ್ಲಿ ದುಡ್ಡಾಡುತ್ತಿದ್ದ ಕಾಲ. ಅಂದು ಮಧ್ಯಾಹ್ನ ಆಂಟೊಬಮ್‌ನ ದವಡೆ ಹಲ್ಲು ಕೈಕೊಟ್ಟಿತು. ಒಂದು ಕೆನ್ನೆ ಪರಂಗಿಹಣ್ಣಿನಷ್ಟು ಊದಿ, ಕಣ್ಣು ಅದರ ಹಿಂದೆ ಅಡಗಿಕೊಂಡಿತು. ಬಾಸ್ ತಲೆ ಮೇಲೆ ಕೈ ಹೊತ್ತು ಕೂತ. ಕೊನೆಗೆ ನನ್ನ ಕಡೆ ನೋಡಿದ, ಮನೆಯಲ್ಲಿ ಬೇರೇನೂ ಇಲ್ಲವೆಂದು ನಿನ್ನೆಯ ಸಾರಿನ ಕಡೆ ನೋಡುವಂತೆ.

"ಇವತ್ತೊಂದಿನ ಮಾನ್ಸಾ ನೀನೇ ಮಾಡು. ಆಂಟೊಬಮ್ ಹೆಣ ಆಗ್ಲಿ," ಅಂದ.

ಹೆಣಕ್ಕೆ ದವಡೆ ಕಟ್ಟುವುದು ಹೇಗೂ ಪದ್ಧತಿ, ಆದ್ದರಿಂದ ಊದಿದ ಕೆನ್ನೆಗೆ ಬಟ್ಟೆ ಬಿಗಿದು ಅವನನ್ನು ಬೆಂಚಿನ ಮೇಲೆ ಮಲಗಿಸಿದರೆ ಪಾತ್ರ ಅವನಿಗೆ ನನಗಿಂತ ಚೆನ್ನಾಗಿ ಒಪ್ಪಿತು. ನಾನು ವೇದಿಕೆ ಹತ್ತಿದೆ. ಮೊದಲ ಭಾಗದಲ್ಲಿ ಯಾರಿಗೂ ನನ್ನ ಮೇಲೆ ಗಮನವಿಲ್ಲ, ಶೇಂಗಾ ಸುಲಿಯುತ್ತಾ ಕೂತಿದ್ದರು. ತಾಯಿ ಸತ್ತ ದೃಶ್ಯ ಬಂತು. ಬಿಳಿ ಬಟ್ಟೆಯೊಳಗಿಂದ ಆಂಟೊಬಮ್ ಹಲ್ಲು ಕಚ್ಚಿಕೊಂಡೇ ಪಾಠ ಹೇಳುತ್ತಿದ್ದ, "ಕೈ ಸೊಂಟದ್ ಮೇಲೆ ಇಡೇ. ಸೊಂಟದ್ ಮೇಲೆ."

ನಾನು ಆ ಬಟ್ಟೆಯನ್ನು ನೋಡಿದೆ. ಅದರ ಕೆಳಗೆ ಎಷ್ಟೋ ರಾತ್ರಿ ಮಲಗಿದವಳು, ಮೇಲೆ ನಿಂತು ನೋಡಿದ್ದು ಅದೇ ಮೊದಲು. ಗಿಟಾರಿನವನು 'ಅಮ್ಮಾ, ಅಮ್ಮಾ' ಬಾರಿಸತೊಡಗಿದ. ನನ್ನ ಬಾಯಿಗೆ ಅದು ಬರಲಿಲ್ಲ. ಬಂದದ್ದು ಅಜ್ಜಿಯ ಹಾಡು.

'ಮಾಂಪಾಂಗಿನ ಫೊಸುವಾಳ ಮಗಳೇ, ಅಕುವಾ ಬಾದು, ಎದ್ದು ಬಾ. ಕೇಳಿದವರಿಗೆಲ್ಲ ಉಪ್ಪು ಕೊಟ್ಟವಳೇ, ನಿನ್ನ ಒಲೆ ಇನ್ನೂ ಬೆಚ್ಚಗಿದೆ. ದೂರದಿಂದ ಬಂದಿದ್ದೇನೆ, ಬಾಗಿಲಲ್ಲಿ ನಿಲ್ಲಿಸಿದ್ದಾರೆ. ಒಳಗಿನಿಂದ ನೀನೊಮ್ಮೆ ಕೆಮ್ಮು, ನಾನು ಕೇಳಿಸಿಕೊಂಡು ಹೋಗುತ್ತೇನೆ.'

ಗಿಟಾರು ತಾನಾಗಿ ನಿಂತಿತು. ಬೆಂಚಿನ ಮೇಲಿನ ಹೆಣ ಗಡಗಡ ನಡುಗತೊಡಗಿದ್ದನ್ನು ಕಂಡೆ, ನಾನು ನಿಲ್ಲಿಸಲಿಲ್ಲ. ಹಾಡಿದೆ, ಎಂಟನೆಯ ದಿನ ಹಾಡಬೇಕಾಗಿದ್ದಷ್ಟನ್ನೂ ಹಾಡಿದೆ. ಮುಗಿದ ಮೇಲೆ ನೋಡಿದರೆ ಹೆಂಗಸರೆಲ್ಲ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಒಬ್ಬೊಬ್ಬರಾಗಿ ಎದ್ದು ಬಂದರು. ನನ್ನ ಹಣೆ, ಕೆನ್ನೆ, ಕತ್ತು, ಎಲ್ಲೆಲ್ಲೂ ದುಡ್ಡು ಅಂಟಿಸಿದರು. ಎರಡೂವರೆ ವರ್ಷ ಕಾದ ಗಳಿಗೆ ಅದು. ಅಂಟಿಸಿದವನೊಬ್ಬ ಇಳಿದು ಹೋಗುತ್ತಾ ಗೆಳೆಯನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಯಾವನ್ಲಾ ಇವ್ನು ಹೊಸಬ? ಹಳಬನ್ನ ಮೀರಿಸ್ಬಿಟ್ಟ. ಕೈ ನೋಡು, ಒಳ್ಳೆ ಹೆಂಗಸಿನ ಕೈ ಇದ್ದಂಗೈತೆ."

"ಗಂಟಲ ಗಂಟು ಕಾಣ್ಬಾರ್ದು ಅಂತ ಮಣಿಸರ ಹಾಕವ್ನೆ. ಬುದ್ಧಿವಂತ ನನ್ಮಗ," ಅಂದ ಗೆಳೆಯ.

ಹತ್ತು ವರ್ಷದಿಂದ ನಮ್ಮ ಕಂಪನಿಯ ಹೆಂಗಸರೆಲ್ಲ ಗಂಡಸರೆಂದು ಊರಿಗೆಲ್ಲ ಗೊತ್ತಿದ್ದ ಮೇಲೆ ನಾನೊಬ್ಬಳು ಬೇರೆ ಹೇಗಾದೇನು?

ಬೆಳಿಗ್ಗೆ ನಾವಿನ್ನೂ ಮುಖ ತೊಳೆದಿರಲಿಲ್ಲ, ಊರಿನ ಹೆಂಗಸರಿಗೆಲ್ಲ ಹಿರಿಯಳಾಗಿ ನ್ಯಾಯ ಹೇಳುವ ರಾಣಿತಾಯಿಯ ಮನೆಯಿಂದ ಹೇಳಿಕೆ ಬಂತು. ಯಜಮಾನನೂ ನಿನ್ನೆ ಹಾಡಿದವರೂ ಕೂಡಲೇ ಬರಬೇಕು. ದೂರು ಕೊಟ್ಟವನು ಆಂಟೊಬಮ್. ಇಡೀ ರಾತ್ರಿ ನಿದ್ದೆಗೆಟ್ಟು, ಕೋಳಿ ಕೂಗುವ ಮೊದಲೇ ಹೋಗಿ ರಾಣಿತಾಯಿಯ ಕಾಲಿಗೆ ಬಿದ್ದಿದ್ದ. ಗಂಡಸು ವೇಷ ಹಾಕಿ ಅತ್ತರೆ ಅದು ಆಟ, ಅವನೇ ಹತ್ತು ವರ್ಷ ಅತ್ತಿದ್ದ, ಯಾರಿಗೂ ಏನೂ ಆಗಿರಲಿಲ್ಲ. ಆದರೆ ನಿಜವಾದ ಹೆಂಗಸು, ನಿಜವಾದ ಹಾಡನ್ನು, ಸಾವಿಲ್ಲದ ಕಡೆ ಹಾಡಿದರೆ ಅದು ಸಾವನ್ನು ಹೆಸರಿಟ್ಟು ಕರೆದ ಹಾಗೆ. ಅದೂ ಅವನ ನೆತ್ತಿಯ ಮೇಲೆ ನಿಂತು ಕರೆದದ್ದು. ಪರಿಹಾರಕ್ಕೆ ಒಂದು ಕುರಿ, ಎರಡು ಬಾಟಲಿ ಸ್ನ್ಯಾಪ್ಸ್ ಸಾರಾಯಿ ಬೇಕು.

ದಾರಿಯಲ್ಲಿ ಬಾಸ್ ನನ್ನ ಪಕ್ಕಕ್ಕೆ ಬಂದ. ಮೊದಲ ಸಲ ನನ್ನನ್ನು ತಂಗಿ ಎಂದು ಕರೆದ.

"ನೋಡು ತಂಗಿ, ಕೇಳಿದ್ರೆ ಗಂಡಸು ಅಂದ್ಬಿಡು. ಊರೇ ಹಂಗಂದ್ಕೊಂಡಿದೆ, ನೀನೇನು ಸುಳ್ಳು ಹೇಳ್ದಂಗೂ ಆಗಲ್ಲ. ಆಟ ಅಂತ ಬಿಟ್ಬಿಡ್ತಾರೆ. ಇವತ್ತಿಂದ ಮಾನ್ಸಾ ಪಾತ್ರ ನಿಂದು. ನಾನು ಸಾಯೋ ತನಕ ನಿಂದೇ."

"ಹೆಂಗಸು ಅಂದ್ರೆ?"

"ಕುರಿ ಹೋಗುತ್ತೆ, ಈ ಊರೂ ಹೋಗುತ್ತೆ. ನೀನೂ ಹೋಗ್ತೀಯ, ನ್ಸವಾಮ್‌ಗೆ, ಬ್ರೆಡ್ ಮಾರೋಕೆ."

ನಿಜ ಹೇಳುತ್ತೇನೆ, ನಾನು ಒಪ್ಪಿಕೊಂಡೆ. ನಾಚಿಕೆಯೂ ಆಗಲಿಲ್ಲ. ಒಂದು ಸಲ ಹಣೆಗೆ ದುಡ್ಡು ಅಂಟಿಸಿಕೊಂಡವರು ಮತ್ತೆ ಬ್ರೆಡ್ಡಿನ ತಟ್ಟೆ ಹೊರಲಾರರು. ಈ ಕಸುಬು ಮನುಷ್ಯರನ್ನು ಕೆಡಿಸುವುದು ಹೆಂಡದಿಂದಲ್ಲ, ಅದರಿಂದಲೇ. ಪಾತ್ರಕ್ಕಾಗಿ ಗಂಡಸಾಗುವುದೇನು ಮಹಾ, ಕತ್ತೆಯಾಗು ಅಂದಿದ್ದರೂ ಬಾಲ ಎಲ್ಲಿ ಕಟ್ಟಲಿ ಎಂದು ಕೇಳುತ್ತಿದ್ದೆ.

ರಾಣಿತಾಯಿ ನಾನಾ ಕೊನಾಮಾ ಎಂಬತ್ತು ದಾಟಿದ ಮುದುಕಿ. ಅಂಥ ದೊಡ್ಡವರನ್ನು ನಾವು ಗೌರವದಿಂದ ನಾನಾ ಎಂದೇ ಕರೆಯುವುದು. ಬೋಳಿಸಿದ ತಲೆ, ಗಿಡ್ಡ ಪೀಠ, ಸುತ್ತ ಹತ್ತು ಹದಿನೈದು ಹೆಂಗಸರು. ದೊಡ್ಡವರು ಬಂದವರೊಡನೆ ನೇರವಾಗಿ ಮಾತಾಡುವುದಿಲ್ಲ. ಅವರ ಮಾತನ್ನು ಪಕ್ಕದಲ್ಲಿ ಕೂತ ವಕ್ತಾರಳು ಎತ್ತಿ ನಮಗೆ ಕೊಡುತ್ತಾಳೆ, ನಮ್ಮದನ್ನು ಅವರಿಗೆ ಕೊಡುತ್ತಾಳೆ, ನಡುವೆ ಒಂದು ಮೊಳ ಜಾಗವಿದ್ದರೂ ಸರಿ. ಆಂಟೊಬಮ್ ಒಂದು ಮೂಲೆಯಲ್ಲಿ ದವಡೆ ಕಟ್ಟಿಕೊಂಡು, ಕಾಲು ಜೋಡಿಸಿ ಓರೆಯಾಗಿ ಮಡಚಿ, ಬೀಸಣಿಗೆ ಬೀಸಿಕೊಳ್ಳುತ್ತಾ ಕೂತಿದ್ದ.

"ನಿನ್ನೆ ಹಾಡಿದ್ದು ಗಂಡಸೋ ಹೆಂಗಸೋ ಅಂತ ನಾನಾ ಕೇಳ್ತಿದಾರೆ," ಅಂದಳು ವಕ್ತಾರಳು.

"ಗಂಡಸೇ, ನಾನಾ. ಪಕ್ಕಾ ಗಂಡಸು. ಅಫ್ರಾಕೋಮಾ ಅನ್ನೋದು ನಾಟಕಕ್ಕೆ ಇಟ್ಕೊಂಡಿರೋ ಹೆಸರು," ಎಂದು ಬಾಸ್ ನಾಲಗೆ ತಡವರಿಸದೆ ಹೇಳಿದ. ಅಫ್ರಾಕೋಮಾ ನನ್ನ ತಾಯಿ ಇಟ್ಟ ಹೆಸರು.

ಆಂಟೊಬಮ್ ಬೀಸಣಿಗೆ ಕೆಳಗಿಟ್ಟ. "ಸುಳ್ಳು ನಾನಾ. ಹತ್ತು ವರ್ಷದಿಂದ ನಾನು ಹೆಂಗಸಾಗಿದೀನಿ. ಹೆಂಗಸನ್ನ ಕಂಡ್ರೆ ನನಗೆ ಗೊತ್ತಾಗಲ್ವಾ?"

ಹೆಂಗಸರು ಕಿಸಕ್ಕನೆ ನಕ್ಕರು. ಒಬ್ಬಳು, "ಗೋಡೆ ಹಿಂದಕ್ಕೆ ಕಳ್ಸಿ ನಾನಾ, ಬಟ್ಟೆ ಬಿಚ್ಚಿ ನೋಡ್ಕೊಂಡ್ ಬರ್ತೀವಿ. ಬೇಕಾದ್ರೆ ಇಬ್ಬರನ್ನೂ ನೋಡ್ತೀವಿ," ಅಂದಳು. ಆಂಟೊಬಮ್ ಎರಡು ಕೈಯಲ್ಲೂ ಎದೆ ಮುಚ್ಚಿಕೊಂಡ. ಕಾಲುಚೀಲದ ಉಂಡೆಗಳು ಲಾರಿಯಲ್ಲಿದ್ದವೆಂಬುದು ಅವನಿಗೆ ಮರೆತಿತ್ತು.

ಮುದುಕಿ ನಗಲಿಲ್ಲ. ವಕ್ತಾರಳ ಕಿವಿಯಲ್ಲಿ ಏನೋ ಹೇಳಿದಳು.

"ಬಟ್ಟೆ ಒಳಗೆ ಏನಿದೆ ಅಂತ ನಾನಾ ಕೇಳ್ತಿಲ್ವಂತೆ. ಹಾಡಿನ ಒಳಗೆ ಯಾರಿದಾರೆ ಅಂತ ಕೇಳ್ತಿದಾರೆ. ಅಕುವಾ ಬಾದು ಅಂದ್ರೆ ಯಾರು?"

"ಯಾರೂ ಇಲ್ಲ ನಾನಾ," ಅಂದ ಬಾಸ್. "ನಾಟಕದ ಹೆಸರು ಅದು. ಕಟ್ಟಿದ ಹೆಸರು. ಆ ಥರ ಹೆಂಗಸು ಹುಟ್ಟೇ ಇಲ್ಲ."

ಅವನು ನನ್ನನ್ನು ಗಂಡಸೆಂದ, ನಾನು ಸುಮ್ಮನಿದ್ದೆ. ನನ್ನ ಹೆಸರನ್ನು ಸುಳ್ಳು ಮಾಡಿದ, ಸುಮ್ಮನಿದ್ದೆ. ಹುಟ್ಟೇ ಇಲ್ಲ ಅಂದನಲ್ಲ, ಅಲ್ಲಿ ನನಗೆ ತಡೆಯಲಾಗಲಿಲ್ಲ. ಒಬ್ಬ ಬಾಗಿಲಿಗೆ ಅಡ್ಡ ನಿಂತಿದ್ದ, ಇನ್ನೊಬ್ಬ ಅವಳನ್ನು ಇಲ್ಲವೆನ್ನಿಸುತ್ತಿದ್ದಾನೆ. ಪಾತ್ರ ಹಾಳಾಗಿ ಹೋಗಲಿ ಎನ್ನಿಸಿತು.

"ಅಕುವಾ ಬಾದು ನಮ್ಮಮ್ಮ," ಅಂದೆ.

ವಕ್ತಾರಳು ಮಾತನ್ನು ಎತ್ತಿ ಕೊಡಲು ಬಾಯಿ ತೆರೆದಳು, ಮುದುಕಿ ಕೈಯೆತ್ತಿ ತಡೆದು ನನ್ನ ಕಡೆ ತಿರುಗಿದಳು.

"ಯಾವಾಗ ತೀರ್ಕೊಂಡ್ಲು, ಮಗಳೇ?"

ಮಗಳೇ ಅಂದಳು. ಆ ಒಂದು ಮಾತಿಗೆ ನಾನು ಕರಗಿಹೋದೆ. ಲಾರಿ ಚಾಲಕರಿಂದ ಹಿಡಿದು ಸೋದರಮಾವನವರೆಗೆ ಎಲ್ಲ ಹೇಳಿದೆ. ಮೂರು ತಿಂಗಳು ಹೆಣವಾಗಿ ಮಲಗಿ ಬೇರೆಯವನ ಅಳು ಕೇಳಿದ್ದನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಇನ್ನೊಂದು ವಿಷಯ ನನಗೇ ಹೊಳೆಯಿತು. ನಿನ್ನೆ ನಾನು ನಟಿಸಿಯೇ ಇರಲಿಲ್ಲ. ಊರೇ ಎದ್ದು ಬಂದು ದುಡ್ಡು ಅಂಟಿಸಿದ ನನ್ನ ಮಹಾ ಅಭಿನಯದಲ್ಲಿ ಅಭಿನಯವೆಂಬುದು ಒಂದು ಚೂರೂ ಇರಲಿಲ್ಲ.

ಮುದುಕಿ ಬಹಳ ಹೊತ್ತು ಯೋಚಿಸಲಿಲ್ಲ.

"ಇದು ಸಾವಿಲ್ಲದ ಹಾಡಲ್ಲ. ತಡವಾಗಿ ಬಂದ ಹಾಡು. ಕುರಿ ಬೇಡ," ಅಂದಳು. ಆಮೇಲೆ ಆಂಟೊಬಮ್ ಕಡೆ ನೋಡಿ, "ಇದು ಹೆದ್ರಕೊಂಡಿದೆ. ಇದಕ್ಕೊಂದು ಮೊಟ್ಟೆ ಬೇಯಿಸಿ, ಗೆಣಸು ಕಲಸಿ ತಿನ್ನಿಸಿ, ಜೀವ ತಣ್ಣಗಾಗ್ಲಿ. ಮೊಟ್ಟೆ ಯಜಮಾನಂದು," ಅಂದಳು.

"ಮೊಟ್ಟೆ ದೊಡ್ಡದೇ ಆಗ್ಬೇಕಾ ನಾನಾ?" ಎಂದು ಬಾಸ್ ಕೇಳಿದ. ದೇವರಾಣೆಗೂ ಕೇಳಿದ.

ಮುದುಕಿ ನನ್ನನ್ನು ಹತ್ತಿರ ಕರೆದು ನೆಲದ ಮೇಲೆ ಕೂರಿಸಿಕೊಂಡಳು. "ಈಗ ಸರಿಯಾಗಿ ಹಾಡು. ಹೆಂಗಸರಿದೀವಿ, ನಾವು ದನಿ ಕೊಡ್ತೀವಿ," ಅಂದಳು. ಹಗಲು ಬೆಳಕಿನಲ್ಲಿ, ಪೌಡರಿಲ್ಲದೆ, ನನ್ನ ತಾಯಿಯನ್ನು ಕಂಡೇ ಇರದ ಹದಿನೈದು ಹೆಂಗಸರ ನಡುವೆ ಕೂತು ಹಾಡಿದೆ. ಅವರು ಅವಳ ಹೆಸರನ್ನು ತಮ್ಮ ಅಕ್ಕತಂಗಿಯ ಹೆಸರೆಂಬಂತೆ ಹಿಡಿದು ಕರೆದರು. ಅಂದು ನನ್ನ ತಾಯಿ ಮಣ್ಣಾದಳು. ಅಲ್ಲಿಯವರೆಗೆ ನನ್ನ ಪಾಲಿಗೆ ಅವಳು ಆ ಬೆಂಚಿನ ಮೇಲೇ ಇದ್ದಳು.

ಕಣ್ಣೊರೆಸಿಕೊಂಡು ಎದ್ದು ನೋಡಿದರೆ ಬಾಗಿಲ ಬಳಿ ಬಾಸ್ ಅಳುತ್ತಿದ್ದ. ಕೆನ್ನೆಯ ಮೇಲೆ ಧಾರಾಕಾರ. ಅರೆ, ಇವನೂ ಮನುಷ್ಯನೇ ಅನ್ನಿಸಿತು. ಅವನು ಹತ್ತಿರ ಬಂದು ನನ್ನ ಹೆಗಲು ಹಿಡಿದುಕೊಂಡ.

"ತಂಗಿ," ಅಂದ ಗದ್ಗದಿತನಾಗಿ, "ಇದೇ ಥರ ಇವತ್ ಸಾಯಂಕಾಲ. ಒಂಚೂರೂ ಬದಲಾಯಿಸ್ಬೇಡ. ಮೈಕ್ ಹತ್ರ ಮಾತ್ರ ಇನ್ನೊಂದು ಹೆಜ್ಜೆ ಬಾ."

ಮಧ್ಯಾಹ್ನಕ್ಕೆಲ್ಲ ನಮ್ಮ ಲಾರಿ ಬೀದಿಬೀದಿಯಲ್ಲಿ ಕೂಗಿಕೊಂಡು ಹೊರಟಿತು. 'ರಾಣಿತಾಯಿಯನ್ನೇ ಅಳಿಸಿದ ಗಂಡಸು! ಹೆಂಗಸಲ್ಲ ಎಂದರೆ ನೀವು ನಂಬಲಾರಿರಿ! ಬನ್ನಿ, ಕಣ್ಣಾರೆ ನೋಡಿ!' ಮುದುಕಿ ಕೊಟ್ಟ ತೀರ್ಪು ಅವಳ ಅಂಗಳದಲ್ಲೇ ಉಳಿಯಿತು. ನಿಜವಾದ ಹೆಂಗಸು ಅಳುವುದನ್ನು ಜನ ಮನೆಯಲ್ಲೇ ನೋಡುತ್ತಾರೆ, ಅದಕ್ಕೆ ಯಾರು ಟಿಕೆಟು ತಗೊಳ್ಳುತ್ತಾರೆ ಎಂಬುದು ಬಾಸ್‌ನ ಲೆಕ್ಕ. ಅವನ ಲೆಕ್ಕ ಸರಿಯಿತ್ತು, ಸಂಜೆ ಕಾಲಿಡಲು ಜಾಗವಿರಲಿಲ್ಲ. ಅಂದಿನಿಂದ ಹನ್ನೊಂದು ವರ್ಷ ಗೋಡೆ ಗೋಡೆಯ ಮೇಲೆ ನಾನು 'ಮಿಸ್ಟರ್ ಅಫ್ರಾಕೋಮಾ'.

ನಾನೂ ಹಾಡಿದೆ. ಆದರೆ ನಮ್ಮಮ್ಮನ ಹೆಸರು ಅಂಥ ಜಾಗದಲ್ಲಿ ಮತ್ತೆ ಬಾಯಿಗೆ ಬರಬಾರದೆಂದು ಅಂಗಳದಿಂದ ಬರುವ ದಾರಿಯಲ್ಲೇ ತೀರ್ಮಾನಿಸಿದ್ದೆ. ಆ ಸಂಜೆ ಹೆಣದ ಮುಂದೆ ನಿಂತು, ಮೈಕಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದು ಹೀಗೆ ಕಟ್ಟಿ ಹಾಡಿದೆ.

'ಅಮ್ಮಾ, ದಾರಿ ದೂರ, ಒಬ್ಬಳೇ ಹೋಗಬೇಡ. ಲಾರ್ಟೆ ಊರಿನ ಅಸಿಯೆಡುವಿನ ಮೊಮ್ಮಗ, ಮೂರು ಸೂಟಿನ ಒಪಾರೆ, ಅವನನ್ನೂ ಜೊತೆಗೆ ಕರೆದುಕೊಂಡು ಹೋಗು. ನಿನ್ನ ಗಂಟು ಅವನು ಹೊರುತ್ತಾನೆ. ಇವತ್ತೇ ಕರೆದುಕೊಂಡು ಹೋಗು.'

ಪರದೆಯ ಪಕ್ಕದಲ್ಲಿ ನಿಂತಿದ್ದ ಬಾಸ್‌ನ ಮುಖ ನೋಡಬೇಕಿತ್ತು. ಆಟ ಮುಗಿದ ಕೂಡಲೇ ಓಡಿಬಂದ.

"ಏನೇ ಅದು? ನನ್ನ ಹೆಸರು ಯಾಕೆ ತಂದೆ? ನಮ್ಮಜ್ಜನ ಹೆಸರು ಯಾಕೆ ತಂದೆ?"

"ನಾಟಕದ ಹೆಸರು ಬಾಸ್," ಅಂದೆ. "ಕಟ್ಟಿದ ಹೆಸರು. ಆ ಥರ ಗಂಡಸು ಹುಟ್ಟೇ ಇಲ್ಲ."

ಅವನು ನನ್ನನ್ನು ಓಡಿಸುವಂತಿಲ್ಲ, 'ಮಿಸ್ಟರ್ ಅಫ್ರಾಕೋಮಾ' ಎಂದರೆ ಊರೂರು ಕಾಯುತ್ತಿತ್ತು. ಆ ಸಾಲನ್ನು ತೆಗೆಸುವಂತೆಯೂ ಇಲ್ಲ, ಜನ ಅಳುತ್ತಿದ್ದದ್ದೇ ಆ ಸಾಲಿಗೆ. ಪಾಪ, ಅವರ ಪಾಲಿಗೆ ಒಪಾರೆ ಎಂದರೆ ನಾಟಕದಲ್ಲಿ ಕೈಕೊಟ್ಟ ಯಾವನೋ ಅಳಿಯ. ಉಗುಳಲೂ ಆಗದೆ ನುಂಗಲೂ ಆಗದೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಬಾಸ್ ಪ್ರತಿ ಆಟದಲ್ಲೂ ಪಕ್ಕದಲ್ಲಿ ನಿಂತು ಬೆವರಿದ. ಪ್ರತಿ ಆಟದ ಮಾರನೆಯ ಬೆಳಿಗ್ಗೆ ಯಾರಿಗೂ ಕಾಣದ ಹಾಗೆ ಒಂದು ಮೊಟ್ಟೆ ಬೇಯಿಸಿಕೊಂಡು ತಿಂದ. ಹನ್ನೊಂದು ವರ್ಷದ ಮೊಟ್ಟೆ. ಆಂಟೊಬಮ್ ಹೆಣವಾಗಿ ಕಾಯಮಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅವನು ದಿನವೂ ಬೆಂಚು ಡೊಂಕು ಅನ್ನುತ್ತಿದ್ದ. ಆದರೆ ಅವನಷ್ಟು ಚೆನ್ನಾಗಿ ಸತ್ತವರನ್ನು ನಾನು ನೋಡಿಲ್ಲ, ಅದನ್ನು ಒಪ್ಪಬೇಕು.

ವೇದಿಕೆಯ ಮೇಲಿನ ಹಾಡಿಗೆ ಶಕ್ತಿ ಎಷ್ಟಿರುತ್ತದೆಂದು ಕೇಳುವವರಿಗೆ ಹೇಳುತ್ತೇನೆ, ಒಪಾರೆ ಎಂಬತ್ತೊಂದು ವರ್ಷ ಬದುಕಿದ. ಕಂಪನಿ ಮುಚ್ಚಿ ಹದಿನೈದು ವರ್ಷವಾದ ಮೇಲೆ ಸತ್ತ. ಅವನ ಮನೆಯವರು ಕಾರು ತಂದರು, "ಆಂಟಿ, ಆ ಹಾಡು ನೀವೇ ಹಾಡ್ಬೇಕು," ಅಂದರು. ನಾನು ಹನ್ನೊಂದು ವರ್ಷ ಮುಂಗಡವಾಗಿ ಹಾಡಿದ್ದೇನೆ, ಸಾಕು, ಅನ್ನಬೇಕೆಂದಿದ್ದೆ. ಕಾರು ಹತ್ತಿದೆ.

ಲಾರ್ಟೆಯಲ್ಲಿ ಒಪಾರೆ ಮೂರರಲ್ಲೊಂದು ಸೂಟು ತೊಟ್ಟು ಮಲಗಿದ್ದ. ಪಕ್ಕದಲ್ಲಿ ಆಂಟೊಬಮ್, ಹಲ್ಲೆಲ್ಲ ಉದುರಿದ ಮುದುಕ, ಅದೇ ಕೆಟಲಿನ ಶಿಳ್ಳೆಯಲ್ಲಿ ಅಳುತ್ತಿದ್ದ. ಈರುಳ್ಳಿಯ ವಾಸನೆ ಇರಲಿಲ್ಲ. ನಾನು ಮುಂದೆ ನಿಂತು ಬಾಯಿ ತೆರೆದೆ. ಲಾರ್ಟೆ ಊರಿನ ಅಸಿಯೆಡುವಿನ ಮೊಮ್ಮಗ, ಎಂದೆ. ಅಷ್ಟರಲ್ಲಿ ದರಿದ್ರದ ಕಣ್ಣೀರು ಉಕ್ಕಿತು. ಆ ಜಿಪುಣನಿಗಾಗಿ, ಆ ಸುಳ್ಳನಿಗಾಗಿ, ನನ್ನನ್ನು ಗಂಡಸು ಮಾಡಿ ಗೋಡೆಗೆ ಹಚ್ಚಿದವನಿಗಾಗಿ ನಾನು ಅಳಬೇಕೆ ಎಂದು ಸಿಟ್ಟು ಬಂತು, ಸಿಟ್ಟಿಗೆ ಅಳು ಇನ್ನೂ ಜೋರಾಯಿತು. ನಾನು ಎಷ್ಟು ಸಾವಿರ ಸಲ ಕರೆದಿದ್ದೆನೋ, ಒಂದು ಸಲವೂ ಹೋಗಿರದ ಮನುಷ್ಯ ಈಗ ಕರೆಯುವ ಮೊದಲೇ ಹೋಗಿಬಿಟ್ಟಿದ್ದ. ದನಿ ಒಡೆಯಿತು, ಸಾಲು ತಪ್ಪಿತು, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಜನರ ನಡುವಿನಿಂದ ಒಬ್ಬ ಮುದುಕ ಕೋಲೂರಿಕೊಂಡು ಬಂದ. ನಾಲಗೆಯಿಂದ ನೋಟಿಗೆ ಎಂಜಲು ಹಚ್ಚಿ, ನನ್ನ ಹಣೆಗೆ ಅಂಟಿಸಿ, ಹಿಂದಿದ್ದ ಹೆಂಡತಿಯ ಕಡೆ ತಿರುಗಿದ.

"ಇಷ್ಟು ವರ್ಷದಿಂದ ನಾನು ಹೇಳ್ತಿರ್ಲಿಲ್ವೇನೇ," ಅಂದ. "ಇವನಷ್ಟು ಚೆನ್ನಾಗಿ ಅಳೋ ಗಂಡಸು ಇನ್ನೊಬ್ಬ ಇಲ್ಲ."

ನಾನು ನೋಟನ್ನು ಕಿತ್ತು ಬಟ್ಟೆಯ ತುದಿಗೆ ಗಂಟು ಹಾಕಿಕೊಂಡೆ. ಅಳು ಮಾತ್ರ ನಿಲ್ಲಲಿಲ್ಲ.